ಕೈ ತಾಗದ ರೊಟ್ಟಿ

ನಮ್ಮ ತಂಗಿ ದುಬೈ ಸಂಸಾರ ಮುಗಿಸಿ 2021ರಲ್ಲಿ ಊರಿಗೆ ವಾಪಸ್ಸಾದಾಗ ಅವಳ ಹಿಂದೆಯೇ ಹಡಗಿನಲ್ಲಿ ಹನ್ನೆರಡು ರಟ್ಟಿನ ಪೆಟ್ಟಿಗೆಗಳು ಬಂದವು. ಕಂಬಳಿ, ಥರ್ಮಾಸು, ಮಕ್ಕಳ ಸೈಕಲ್ಲು, ಅರ್ಧ ಮುಗಿದ ಹಾಲಿನ ಪುಡಿಯ ಡಬ್ಬ. ಒಂದು ಪೆಟ್ಟಿಗೆಯಲ್ಲಿ ಬಕೆಟ್ಟಿನಷ್ಟು ಎತ್ತರದ ಬಿಳಿ ಯಂತ್ರವಿತ್ತು. "ಬ್ರೆಡ್ ಮಾಡುವ ಮಿಷನ್ನು. ನಮ್ಮ ಅತ್ತೆಯ ಮನೆಯಲ್ಲಿ ಇಡಲು ಜಾಗವಿಲ್ಲ, ನೀವೇ ಇಟ್ಟುಕೊಳ್ಳಿ" ಎಂದಳು. ಜಾಗ ಶಿವಮೊಗ್ಗದ ನಮ್ಮ ಮನೆಯಲ್ಲೂ ಇರಲಿಲ್ಲ. ಕೊನೆಗೆ ಅಕ್ಕಿ ಡ್ರಮ್ಮಿನ ಮೇಲೆ ಮಣೆ ಹಾಕಿ ಕೂರಿಸಿದೆವು.

ಅದಕ್ಕೆ ಆರು ತಿಂಗಳು ಯಾರೂ ಕೈ ಹಚ್ಚಲಿಲ್ಲ. ಅದರ ದಪ್ಪ ಮೂರು ಕಾಲಿನ ಪ್ಲಗ್ಗು ನಮ್ಮ ಗೋಡೆಗೆ ಹಿಡಿಯುತ್ತಿರಲಿಲ್ಲ ಎನ್ನುವುದು ಒಂದು ನೆಪ. ಇನ್ನೊಂದು, ಅಮ್ಮಿಯ ಮುಖ. ಅಮ್ಮಿ ಎಪ್ಪತ್ತೆಂಟರ ವಯಸ್ಸಿನಲ್ಲೂ ಶುಕ್ರವಾರದ ಪರಾಠಾ ಹಿಟ್ಟನ್ನು ತಾವೇ ಕಲಸುವವರು. ಯಂತ್ರದ ಮುಚ್ಚಳ ಎತ್ತಿ, ಒಳಗಿನ ಪಾತ್ರೆಯ ತಳದಲ್ಲಿ ನಿಂತಿರುವ ಹೆಬ್ಬೆರಳಿನಂಥ ಲೋಹದ ರೆಕ್ಕೆಯನ್ನು ನೋಡಿ, "ಹಾತ್ ನೈ ಲಗೇ ಸೋ ರೋಟಿ ಮೇಂ ಬರ್ಕತ್ ಕಾಂ ಸೇ ಆತೀ?" ಎಂದರು. ಕೈ ತಾಗದ ರೊಟ್ಟಿಗೆ ಬರ್ಕತ್ತು ಎಲ್ಲಿಂದ ಬಂದೀತು? ಅಲ್ಲಿಗೆ ಚರ್ಚೆ ಮುಗಿಯಿತು.

ಮತ್ತೆ ಅದನ್ನು ಇಳಿಸಿದ್ದು ಅಮ್ಮಿಯ ಹಲ್ಲಿನ ದೆಸೆಯಿಂದಲೇ. ಹಲ್ಲು ಕೀಳಿಸಿದ ಮೇಲೆ ಚಹಾದಲ್ಲಿ ಅದ್ದಿದ ಡಬಲ್ ರೋಟಿಯೇ ಅವರ ಬೆಳಗಿನ ಆಹಾರವಾಯಿತು. ಸಕ್ಕರೆ ಕಾಯಿಲೆ ಬೇರೆ. ಅಂಗಡಿಯ ಕಂದು ಬ್ರೆಡ್ಡು ತಂದರೆ, ಪೊಟ್ಟಣದ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮೊದಲು ಮೈದಾ, ಆಮೇಲೆ ಬಣ್ಣದ ಹೆಸರು. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಮಾರುಕಟ್ಟೆಯ 38 ಬ್ರೆಡ್ಡು ಬನ್ನುಗಳನ್ನು ಪರೀಕ್ಷೆ ಮಾಡಿ, ನೂರಕ್ಕೆ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆಯೆಂದು ಹೇಳಿದ್ದು, ಮರುತಿಂಗಳೇ ಸರಕಾರ ಬ್ರೋಮೇಟನ್ನು ನಿಷೇಧಿಸಿದ್ದು ನೆನಪಿತ್ತು. ಹಿಟ್ಟನ್ನು ಮೆದು ಮಾಡಲು ದೊಡ್ಡ ಕಾರ್ಖಾನೆಗಳು ಹಾಕುವ ಎಲ್-ಸಿಸ್ಟೀನ್ ಎಂಬ ಇ 920 ಬಾತುಕೋಳಿಯ ಗರಿಯಿಂದಲೂ ಬರಬಹುದು, ಮನುಷ್ಯರ ಕೂದಲಿನಿಂದಲೂ ಬರಬಹುದು ಎಂದು ಮಸೀದಿಯ ಕಟ್ಟೆಯಲ್ಲಿ ಕೇಳಿದ್ದೆವು. ಸಂಶಯ ಒಮ್ಮೆ ಹೊಕ್ಕರೆ ತುತ್ತು ಇಳಿಯುವುದಿಲ್ಲ. ಪ್ಲಗ್ಗು ಬದಲಾಯಿಸಿದೆವು.

ನಮ್ಮ ಮೊದಲ ರೊಟ್ಟಿಯನ್ನು ಗೋಡೆಗೆ ಹೊಡೆದಿದ್ದರೆ ಗೋಡೆಗೇ ಪೆಟ್ಟಾಗುತ್ತಿತ್ತು. ಯಂತ್ರದ ಪುಸ್ತಕದಲ್ಲಿ ಬರೆದ ಅಳತೆ ಪರದೇಶದ ಹಿಟ್ಟಿನದು. ನಾವು ಹಾಕಿದ್ದು ಗಿರಣಿಯಲ್ಲಿ ಬೀಸಿಸಿ ತಂದ ಗೋಧಿ ಹಿಟ್ಟು. ಕಲ್ಲಿನಲ್ಲಿ ಬೀಸುವಾಗ ಬಿಸಿಯಾಗಿ, ಪಿಷ್ಟದ ಕಣ ಒಡೆದು, ನಮ್ಮ ಹಿಟ್ಟು ಮೈದಾಕ್ಕಿಂತ ಬಹಳ ಹೆಚ್ಚು ನೀರು ಕುಡಿಯುತ್ತದೆ. ಚಪಾತಿ ಮೆತ್ತಗಾಗುವುದೂ ಅದಕ್ಕೇ. ಮೈದಾ ಅರ್ಧ ಕಿಲೋಗೆ 320 ಮಿಲಿ ನೀರು ಸಾಕು. ಗೋಧಿ ಹಿಟ್ಟಿಗೆ 370, ಒಮ್ಮೊಮ್ಮೆ 380 ಬೇಕು. ಮಲೆನಾಡಿನ ಮಳೆ ಹಿಡಿದರೆ ಹಿಟ್ಟೇ ತೇವ ಎಳೆದುಕೊಂಡಿರುತ್ತದೆ, ಆಗ ಎರಡು ಚಮಚ ಕಡಿಮೆ. ಇದನ್ನು ಪುಸ್ತಕ ಹೇಳುವುದಿಲ್ಲ, ಬೆರಳು ಹೇಳುತ್ತದೆ. ಯಂತ್ರ ತಿರುಗಲು ಶುರುವಾಗಿ ಐದು ನಿಮಿಷಕ್ಕೆ ಮುಚ್ಚಳ ತೆಗೆದು ಹಿಟ್ಟಿನ ಉಂಡೆಯನ್ನು ಒತ್ತಿ ನೋಡಬೇಕು. ಬೆರಳಿಗೆ ತುಸು ಅಂಟಿ ಬಿಟ್ಟುಕೊಂಡರೆ ಸರಿ. ಗೋಧಿ ಹಿಟ್ಟೇ ಪೂರ್ತಿ ಹಾಕಿದರೆ ರೊಟ್ಟಿ ಗಿಡ್ಡವಾಗುತ್ತದೆ, ತೌಡಿನ ಚೂರು ಅಂಟಿನ ಎಳೆಯನ್ನು ಕತ್ತರಿಸುತ್ತದೆ. ನಾವು ಮುಕ್ಕಾಲು ಗೋಧಿ, ಕಾಲು ಮೈದಾಕ್ಕೆ ರಾಜಿಯಾದೆವು.

ಯೀಸ್ಟಿನ ವಿಷಯದಲ್ಲಿ ಅಮ್ಮಿಯೇ ಗುರು. ಅವರು ಅದನ್ನು ಖಮೀರ್ ಎನ್ನುತ್ತಾರೆ. ನಮ್ಮ ಎರಡನೆಯ ರೊಟ್ಟಿಯೂ ಏಳದೆ ಹೋದಾಗ, "ಬಿಸಿನೀರು ಹಾಕಿ ಕೊಂದಿದ್ದೀರಿ. ಅದಕ್ಕೂ ಜೀವ ಇದೆ" ಎಂದು ಬೈದರು. ಉಗುರು ಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ ಮತ್ತು ಯೀಸ್ಟು ಹಾಕಿ ಹತ್ತು ನಿಮಿಷ ಬಿಟ್ಟರೆ ನೊರೆ ಬರಬೇಕು. ಬಾರದಿದ್ದರೆ ಆ ಡಬ್ಬ ಚರಂಡಿಗೆ. ನಮ್ಮ ಯಂತ್ರಕ್ಕೆ ಮೊದಲು ನೀರು, ಎಣ್ಣೆ, ಉಪ್ಪು, ಆಮೇಲೆ ಹಿಟ್ಟು. ಹಿಟ್ಟಿನ ಮೇಲೆ ಗುಂಡಿ ಮಾಡಿ ಅದರಲ್ಲಿ ಒಂದೂವರೆ ಚಮಚ ಯೀಸ್ಟು. ಉಪ್ಪೂ ಅದೂ ಮೊದಲೇ ಮುಖಾಮುಖಿಯಾಗಬಾರದು. ಬೇಸಿಗೆಯಲ್ಲಿ ತಣ್ಣೀರು, ಯೀಸ್ಟು ಒಂದೇ ಚಮಚ. ಇಲ್ಲವಾದರೆ ಹಿಟ್ಟು ಹುಚ್ಚು ಉಬ್ಬರಕ್ಕೆ ಏರಿ, ಬೇಯುವ ಹೊತ್ತಿಗೆ ನಡು ಕುಸಿದು ಬಟ್ಟಲಾಗುತ್ತದೆ.

ಇನ್ನು ಕರೆಂಟು. ನಮ್ಮ ಯಂತ್ರ ಹತ್ತು ನಿಮಿಷದವರೆಗೆ ತಾನೆಲ್ಲಿದ್ದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ, ಅದರ ಮೇಲೆ ಮರೆತುಬಿಡುತ್ತದೆ. ನಮ್ಮಲ್ಲಿ ಕರೆಂಟು ಹತ್ತು ನಿಮಿಷಕ್ಕೆ ಬಂದ ದಾಖಲೆ ಕಡಿಮೆ. ಹಾಗೆ ನಡುವೆ ಕೈಕೊಟ್ಟ ಹಿಟ್ಟನ್ನು ತೆಗೆದು, ಹಳೆಯ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು ವಿಷಲ್ಲು ಎರಡೂ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿದ ರೊಟ್ಟಿಯೇ ಒಮ್ಮೊಮ್ಮೆ ಯಂತ್ರದ್ದಕ್ಕಿಂತ ರುಚಿಯಾಗಿದ್ದದ್ದುಂಟು.

ಐದನೆಯದೋ ಆರನೆಯದೋ ರೊಟ್ಟಿ ಚೆನ್ನಾಗಿ ಬಂತು. ಸಂಜೆ ಇಡೀ ಗಲ್ಲಿಗೆ ವಾಸನೆ ಹರಡಿತು. ಆಗ ಕಾಂಪೌಂಡಿನ ಆಚೆಯಿಂದ ಅಜ್ಜಿಯ ದನಿ: "ಬೂಬಮ್ಮಾ, ಏನು ಮಾಡ್ತಿದೀರ?"

ಅಜ್ಜಿಯೆಂದರೆ ಪಕ್ಕದ ಮನೆಯ ಮೇಷ್ಟ್ರ ತಾಯಿ. ಅಮ್ಮಿಗಿಂತ ಐದಾರು ವರ್ಷಕ್ಕೆ ಹಿರಿಯರು. ನಲವತ್ತು ವರ್ಷದಿಂದ ಆ ಗೋಡೆಯ ಮೇಲೆ ಏನೇನೋ ದಾಟಿವೆ. ಆ ಕಡೆಯಿಂದ ಹೋಳಿಗೆ, ಎಳ್ಳುಬೆಲ್ಲ, ಹಲಸಿನ ತೊಳೆ. ಈ ಕಡೆಯಿಂದ ಈದಿನ ದಿನ ಸೇವಿಗೆ, ಖರ್ಜೂರ, ಸಕ್ಕರೆ, ದ್ರಾಕ್ಷಿ ಗೋಡಂಬಿ, ಎಲ್ಲವೂ ಹಸಿಯಾಗಿ ಬೇರೆ ಬೇರೆ ಪೊಟ್ಟಣದಲ್ಲಿ. ಅಜ್ಜಿ ಮಡಿಯವರು, ನಮ್ಮ ಒಲೆಯ ಮೇಲೆ ಬೆಂದದ್ದನ್ನು ಮುಟ್ಟುವುದಿಲ್ಲ. ಇದರ ಬಗ್ಗೆ ಯಾರೂ ಯಾರಿಗೂ ಏನೂ ಹೇಳಿದ್ದಿಲ್ಲ, ಅದೊಂದು ಕ್ರಮ. ಮೇಷ್ಟ್ರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾರೆ, ಕೆಲವೊಮ್ಮೆ ಬೇರೆಯದನ್ನೂ ತಿನ್ನುತ್ತಾರೆ, ಅದು ಅಜ್ಜಿಗೆ ಗೊತ್ತಿಲ್ಲ ಎಂಬುದು ಅವರ ನಂಬಿಕೆ.

ಬ್ರೆಡ್ಡು ಎಂದೆವು. ಮೊಟ್ಟೆ ಇದೆಯೋ ಎಂದು ಕೇಳಿದರು. ಇಲ್ಲ ಎಂದೆವು. ಯಾರು ಕಲಸಿದ್ದು? ಮಿಷನ್ನು. ಬೇಯಿಸಿದ್ದು? ಅದೇ ಮಿಷನ್ನು, ಹಿಟ್ಟು ನೀರು ಹಾಕಿ ಮುಚ್ಚಿದರೆ ಮೂರು ಗಂಟೆ ಚಿಲ್ಲರೆಗೆ ತಾನೇ ಕೂಗುತ್ತದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಯಾರ ಕೈಯೂ ತಾಗಿಲ್ಲ ಅನ್ನಿ. ಒಂದು ಚೂರು ಕೊಡಿ, ಕಾಫಿಗೆ ಅದ್ದಿ ತಿಂತೀನಿ."

ನಲವತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಬೆಂದದ್ದು ಆ ಗೋಡೆ ದಾಟಿತು. ಕೊಟ್ಟು ಒಳಗೆ ಬಂದು ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಖುಷಿಯಾಗಿತ್ತು, ಸುಳ್ಳು ಹೇಳಬಾರದು. ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೂ ಇತ್ತು. ನಮ್ಮ ಮನೆ ಆಗಬಹುದು, ಹಿಟ್ಟು ಆಗಬಹುದು, ಕೈ ಆಗದು. ಅಮ್ಮಿ ಮಾತ್ರ ಚಹಾ ಸೋಸುತ್ತಾ, "ಕೊಟ್ಟಿರಲ್ಲ, ಸಾಕು. ಹಸಿದವರ ಬಾಯಿ ನೋಡಬೇಕು, ಮಾತು ನೋಡಬಾರದು" ಎಂದರು. ನಮ್ಮಲ್ಲೊಬ್ಬರಿಗೆ ಕಥೆ ಬರೆಯುವ ಚಟ ಇರುವುದರಿಂದ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಏಕೆಂದರೆ ಕೈ ತಾಗಿಲ್ಲ ಎನ್ನುವುದೇ ನಿಜವಲ್ಲ. ಹಿಟ್ಟು ಒತ್ತಿ ನೋಡಿದ ಬೆರಳು ನಮ್ಮದು. ಬೆಂದ ರೊಟ್ಟಿಯನ್ನು ಬೋರಲು ಹಾಕಿದಾಗ ಆ ರೆಕ್ಕೆ ಹತ್ತಕ್ಕೆ ಏಳು ಸಲ ರೊಟ್ಟಿಯ ಹೊಟ್ಟೆಯಲ್ಲೇ ಉಳಿದಿರುತ್ತದೆ, ಅದನ್ನು ಬೆರಳಿನಿಂದಲೇ ಬಿಡಿಸಬೇಕು. ಯಂತ್ರವೇ ಕಲಸಿತು ಎನ್ನೋಣವೆಂದರೆ ಅದೂ ಕೈಯಿಂದ ಕಲಿತದ್ದೇ. ಈ ಯಂತ್ರದ ಕಥೆಯನ್ನು ಜಪಾನಿನ ನೊನಾಕಾ ಮತ್ತು ತಕೆಯುಚಿ ಎಂಬ ವಿದ್ವಾಂಸರು 1995ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 1985ರ ಸುಮಾರಿಗೆ ಒಸಾಕಾದ ಮತ್ಸುಶಿತಾ ಕಂಪನಿಯವರು ಬ್ರೆಡ್ ಯಂತ್ರ ಮಾಡಲು ಹೊರಟಾಗ ಹಿಟ್ಟು ಸರಿಯಾಗಿ ಹದಕ್ಕೆ ಬರುತ್ತಲೇ ಇರಲಿಲ್ಲವಂತೆ, ಹೊರಗೆ ಸೀದು ಒಳಗೆ ಹಸಿ. ಕೊನೆಗೆ ಇಕುಕೋ ತನಾಕಾ ಎಂಬ ಸಾಫ್ಟ್‌ವೇರ್ ಕೆಲಸದ ಹೆಣ್ಣುಮಗಳು ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ರೊಟ್ಟಿಗಾರನ ಬಳಿ ಶಿಷ್ಯೆಯಾಗಿ ನಿಂತಳು. ಅವನು ಹಿಟ್ಟನ್ನು ಬರೀ ಎಳೆಯುವುದಿಲ್ಲ, ಎಳೆಯುತ್ತಾ ತಿರುಚುತ್ತಾನೆ ಎಂಬುದು ಅವಳಿಗೆ ಹೊಳೆಯಿತು. ಅವನ ಬಾಯಲ್ಲಿ ಬಾರದ ವಿದ್ಯೆ ಅವನ ಮಣಿಕಟ್ಟಿನಲ್ಲಿತ್ತು. ಆ ತಿರುಚುವಿಕೆಯನ್ನು ತರಲೆಂದೇ ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿದರು. ನಮ್ಮ ಪಾತ್ರೆಯ ಒಳಗೂ ಅಂಥ ಏಣುಗಳಿವೆ. ಇದನ್ನು ಅಮ್ಮಿಗೆ ಹೇಳಿದಾಗ ಅವರು ಪಾತ್ರೆಯ ಒಳಗೆ ಬೆರಳಾಡಿಸಿ ನೋಡಿ, "ಹಂಗಾದರೆ ಇದರೊಳಗೆ ಒಬ್ಬ ನಾನ್‌ಬಾಯಿ ಕೂತಿದಾನೆ" ಎಂದರು. ಅಂದಿನಿಂದ ಯಂತ್ರದ ಗುಂಡಿ ಒತ್ತುವ ಕೆಲಸ ಅವರದು. ಬಿಸ್ಮಿಲ್ಲಾ ಹೇಳಿಯೇ ಒತ್ತುತ್ತಾರೆ.

2022ರ ಮಾರ್ಚಿಯಲ್ಲಿ ನಮ್ಮೂರ ಜಾತ್ರೆಯಲ್ಲಿ ಮುಸಲ್ಮಾನರು ಅಂಗಡಿ ಹಾಕಕೂಡದೆಂಬ ಮಾತು ಬಂತು. ಕರಾವಳಿಯ ಜಾತ್ರೆಗಳಲ್ಲೂ ಬ್ಯಾನರು ಕಟ್ಟಿದರು. ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆಯೂ ಹೊರಟಿತು. ಆ ವರ್ಷ ಯುಗಾದಿ ಏಪ್ರಿಲ್ 2, ಮರುದಿನವೇ ರಮಝಾನಿನ ಮೊದಲ ಉಪವಾಸ. ಅಷ್ಟು ಹೊತ್ತಿಗೆ ಪ್ರತಿ ಶುಕ್ರವಾರ ಅಜ್ಜಿಗೆ ನಾಲ್ಕು ಚೂರು ರೊಟ್ಟಿ ಹೋಗುವುದು ರೂಢಿಯಾಗಿತ್ತು. ಆ ಎರಡು ಶುಕ್ರವಾರ ನಾವು ಕಳಿಸಲಿಲ್ಲ. ಅವರು ಬೇಡವೆಂದಿರಲಿಲ್ಲ. ಬೇಡ ಎನಿಸಿಕೊಳ್ಳುವುದಕ್ಕಿಂತ ಮೊದಲೇ ನಾವು ಹಿಂದೆ ಸರಿದೆವು. ಮೇಷ್ಟ್ರೂ ಆ ದಿನಗಳಲ್ಲಿ ಗೇಟಿನ ಬಳಿ ಸ್ಕೂಟರು ನಿಲ್ಲಿಸಿ ಮಾತಾಡುವುದು ಕಡಿಮೆ ಮಾಡಿದ್ದರು, ಅಥವಾ ನಮಗೆ ಹಾಗೆ ಕಂಡಿತು.

ಮೂರನೆಯ ಶುಕ್ರವಾರ ಅಸರ್ ನಮಾಝಿನ ಹೊತ್ತಿಗೆ ಅಜ್ಜಿ ಸ್ಟೀಲಿನ ಡಬ್ಬಿ ಹಿಡಿದು ಗೋಡೆಯ ಬಳಿ ನಿಂತಿದ್ದರು. "ಏನು ಬೂಬಮ್ಮಾ, ಮಿಷನ್ ಕೆಟ್ಟಿದೆಯಾ?"

ಅಮ್ಮಿ ಉಪವಾಸದಲ್ಲಿದ್ದರು. ಆ ತಿಂಗಳಲ್ಲಿ ಅವರಿಗೆ ಸಣ್ಣ ಸುಳ್ಳೂ ಭಾರ. ಗೋಡೆಯ ಬಳಿ ಹೋಗಿ ನಿಂತು, "ಮಿಷನ್ ಕೆಟ್ಟಿಲ್ಲ ಅಮ್ಮಾವ್ರೇ. ಒಂದು ಮಾತು ಹೇಳ್ಬೇಕು. ಹಿಟ್ಟಿಗೆ ನಮ್ಮ ಬೆರಳು ತಾಗುತ್ತೆ. ಹದ ನೋಡೋಕೆ ತಾಗಿಸಲೇಬೇಕು. ರೊಟ್ಟಿ ಬಿಡಿಸೋವಾಗ್ಲೂ ತಾಗುತ್ತೆ. ನಿಮಗೆ ಗೊತ್ತಿರ್ಲಿ" ಎಂದರು. ಅಡಿಗೆಮನೆಯ ಕಿಟಕಿಯ ಹಿಂದೆ ನಾವು ಉಸಿರು ಹಿಡಿದು ನಿಂತಿದ್ದೆವು.

ಅಜ್ಜಿ ಅಮ್ಮಿಯ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಿಂದ ಕಿವಿ ಒರೆಸಿಕೊಂಡು, "ನೀವು ಏನೋ ಹೇಳಿದ್ರಿ. ನಂಗೆ ಈ ಕಿವಿ ಕೇಳೋದಿಲ್ಲ" ಎಂದು ಡಬ್ಬಿಯನ್ನು ಗೋಡೆಯ ಮೇಲಿಟ್ಟು ಒಳಗೆ ಹೋದರು. ನಮ್ಮ ಗೇಟಿನ ಚಿಲಕ ಸರಿದ ಸದ್ದಿಗೂ "ಯಾರು?" ಎನ್ನುವ ಅಜ್ಜಿ ಅವರು.

ಯಂತ್ರಕ್ಕೆ ಈಗ ವಯಸ್ಸಾಗಿದೆ. ಬಳಸುವವರಿಗೆ ಒಂದೆರಡು ಮಾತು. ಪಾತ್ರೆಯನ್ನು ಎಂದೂ ನೀರಲ್ಲಿ ಮುಳುಗಿಸಬೇಡಿ, ತಳದ ಹೊರಗಿನ ಬೇರಿಂಗಿಗೆ ನೀರು ಹೊಕ್ಕರೆ ತುಕ್ಕು ಹಿಡಿಯುತ್ತದೆ. ಒಳಗೆ ಮಾತ್ರ ಬೆಚ್ಚನೆಯ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ರೆಕ್ಕೆ ಕೂರಿಸುವ ಮೊದಲು ಕಡ್ಡಿಗೆ ಒಂದು ತೊಟ್ಟು ಎಣ್ಣೆ ಸವರಿದರೆ ಅಂಟುವುದಿಲ್ಲ. ಚಾಕು, ಸ್ಟೀಲ್ ಚಮಚ ತಾಗಿಸಬೇಡಿ. ನಾವು ಮೊದಲ ವರ್ಷ ಚಾಕು ಹಾಕಿಯೇ ಅದರ ಕಪ್ಪು ಲೇಪ ಕೆರೆದೆವು. ಸುರುಳಿ ಕಾಯಿಲಿನ ಮೇಲೆ ಬಿದ್ದ ಹಿಟ್ಟನ್ನು ತಣ್ಣಗಾದ ಮೇಲೆ ಒರೆಸದಿದ್ದರೆ ಮುಂದಿನ ಸಲ ಮನೆಯೆಲ್ಲ ಕಮಟು. ಇಷ್ಟು ಮಾಡಿದರೂ ನಮ್ಮ ಪಾತ್ರೆಯ ತಳದ ಸೀಲು ಸವೆದಿದೆ, ಕಳೆದ ತಿಂಗಳಿಂದ ಕಪ್ಪು ಜಿಡ್ಡಿನೊಡನೆ ನೀರು ಜಿನುಗುತ್ತಿದೆ. ಬೆಂಗಳೂರಿನ ಅಂಗಡಿಯವನು ಈ ಮಾದರಿಯ ಪಾತ್ರೆ ಇಲ್ಲಿ ಸಿಗುವುದಿಲ್ಲ, ಹೊಸ ಯಂತ್ರವನ್ನೇ ಕೊಳ್ಳಿ ಎಂದ.

ತಂಗಿಯ ಗಂಡನ ಗೆಳೆಯರೊಬ್ಬರು ಬರುವ ತಿಂಗಳು ದುಬೈಯಿಂದ ಬರುವವರಿದ್ದಾರೆ. ಪಾತ್ರೆಯ ಫೋಟೋ, ಅಳತೆ, ತಳದ ನಂಬರು ಎಲ್ಲ ಕಳಿಸಿದ್ದೇವೆ. ಅಲ್ಲಿಯವರೆಗೆ ಶುಕ್ರವಾರದ ಹಿಟ್ಟನ್ನು ಅಮ್ಮಿ ಪರಾತದಲ್ಲಿ ಕೈಯಿಂದಲೇ ಕಲಸುತ್ತಿದ್ದಾರೆ, ನಾವು ಕುಕ್ಕರಿನಲ್ಲಿ ಬೇಯಿಸುತ್ತಿದ್ದೇವೆ. ಹೋದ ವಾರ ಮೇಷ್ಟ್ರು ಡಬ್ಬಿ ವಾಪಸ್ಸು ಕೊಡಲು ಬಂದವರು, ಅಜ್ಜಿ ಕೇಳಿದರೆಂದು ಹೇಳಿ ಹೋದರು: ಮಿಷನ್ ರಿಪೇರಿಯಾಯಿತೇ, ಈಚೆಗೆ ರೊಟ್ಟಿ ಬಹಳ ಮೆತ್ತಗೆ ಬರುತ್ತಿದೆಯಲ್ಲ, ಎಂದು.