ಕಾಕಾ ಕೇಳಿದ ಪಗಾರದ ಪ್ರಶ್ನೆ

ಊರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಅಂದ್ರೆ ಕಂಪ್ಯೂಟರ್ ಸಂಬಂಧದ ಎಲ್ಲಕ್ಕೂ ಅವನೇ ಹೊಣೆ. ಪ್ರಿಂಟರ್ ಕೆಟ್ಟರೂ ನನಗೇ ಫೋನ್, ಆಧಾರ್ ಲಿಂಕ್ ಆಗದಿದ್ದರೂ ನನಗೇ. ಹೀಗಾಗಿ ಚಿಕ್ಕಪ್ಪನ ಮಗಳು ಪಿಯುಸಿ ಸೈನ್ಸ್ ಮುಗಿಸಿ, ‘ಎಂಜಿನಿಯರಿಂಗ್ ಬೇಡ, ಗೇಮ್ ಆರ್ಟ್ ಕಲೀತೀನಿ’ ಎಂದು ಹಟ ಹಿಡಿದಾಗ ಕಮಲಾಪುರದಿಂದ ಕಾಕಾ ಫೋನ್ ಮಾಡಿದ್ದೂ ನನಗೇ.

“ಆಟ ಆಡೋದಕ್ಕ ಪಗಾರ ಕೊಡ್ತಾರೇನಪಾ?”

“ಆಡೋದಕ್ಕಲ್ಲ ಕಾಕಾ. ಆಟದಾಗ ಕಾಣೋ ಮನಿ, ಗಿಡ, ಮಂದಿ ಎಲ್ಲಾ ಯಾರರ ಮಾಡಬೇಕಲ್ಲ, ಅದಕ್ಕ.”

“ಎಷ್ಟ್ ಕೊಡ್ತಾರ?”

ಫೋನಲ್ಲೇ ಒಂದು ಸಂಖ್ಯೆ ಉದುರಿಸಲು ಮನಸ್ಸು ಬರಲಿಲ್ಲ. ಯಾಕಂದ್ರೆ ಬೆಂಗಳೂರಿನ ಒಂದು ಸಂಸ್ಥೆ ಆಗಲೇ ಅವರಿಗೆ ಸಂಖ್ಯೆಗಳನ್ನು ಹೇಳಿಬಿಟ್ಟಿತ್ತು: ಫೀಸು ಇಷ್ಟು ಲಕ್ಷ, ಪ್ಲೇಸ್‌ಮೆಂಟ್ ನೂರಕ್ಕೆ ನೂರು. ಕಾಕಾ ಹೊಲದ ಮೇಲೆ ಸಾಲ ತೆಗೆಯುವ ಲೆಕ್ಕ ಹಾಕುತ್ತಿದ್ದರು. ಆ ಹೊಲ ಎಂದರೆ ಒಂದೂವರೆ ಎಕರೆ ಕೆಂಪು ಬಾಳೆ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋದವರಿಗೆ ಗೊತ್ತು, ಕಮಲಾಪುರ ಬಂತು ಅಂದ್ರೆ ರಸ್ತೆ ಬದಿ ಕೆಂಪು ಗೊನೆಗಳು ತೂಗಾಡುತ್ತವೆ. ಭೌಗೋಳಿಕ ಸೂಚ್ಯಂಕ, ಅದೇ ಜಿಐ ಟ್ಯಾಗ್, ಸಿಕ್ಕ ಹಣ್ಣು ಅದು. ಮಾಮೂಲಿ ಬಾಳೆಗಿಂತ ಹೆಚ್ಚು ತಿಂಗಳು ಕಾಯಿಸುತ್ತದೆ, ರೇಟೂ ಹೆಚ್ಚು.

ಮುಂದಿನ ಶನಿವಾರವೇ ಹೋದೆ. ಹೋಗುವ ಮೊದಲು ಆ ಸಂಸ್ಥೆಯ ವಿದ್ಯಾರ್ಥಿಗಳು ನೆಟ್‌ನಲ್ಲಿ ಹಾಕಿದ್ದ ಕೆಲಸಗಳನ್ನೆಲ್ಲ ನೋಡಿದ್ದೆ. ಅದೇ ಗನ್ನು, ಅದೇ ತುಕ್ಕು ಹಿಡಿದ ಡ್ರಮ್ಮು. ಒಂದೇ ಪಾಠದ ಐವತ್ತು ನಕಲು. ಗೇಮ್ ಸ್ಟುಡಿಯೋಗಳು ಸರ್ಟಿಫಿಕೇಟಿಗಿಂತ ಮೊದಲು ನೋಡುವುದೇ ಪೋರ್ಟ್‌ಫೋಲಿಯೋ. ಅಲ್ಲಿ ಐವತ್ತೊಂದನೇ ಡ್ರಮ್ಮಿಗೆ ಏನು ಬೆಲೆ?

ಹುಡುಗಿಯ ಹತ್ತಿರ ಇದ್ದದ್ದು ನಾನು ಹಿಂದೆ ಕೊಟ್ಟ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಬ್ಲೆಂಡರ್. (ತ್ರೀಡಿ ಮಾಡೆಲ್ ಮಾಡುವ ಈ ಸಾಫ್ಟ್‌ವೇರ್ ಪೂರ್ತಿ ಉಚಿತ. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ಖರ್ಚಿಗೆ ಮೊದಲು ಇದನ್ನು ಇಳಿಸಿಕೊಡಿ.) ಅವಳು ಮೊದಲು ಮಾಡಿದ್ದು ಕೆಂಪು ಬಾಳೆಯ ಒಂದು ಚಿಪ್ಪು. ನೋಡಲು ಚಂದ. ಆದರೆ ಒಂದು ಚಿಪ್ಪಿಗೇ ಲಕ್ಷದ ಮೇಲೆ ತ್ರಿಕೋನಗಳು! ಆಟ ಸರಾಗವಾಗಿ ಓಡಲು ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರಲ್ಲಿ ಇಡೀ ಊರು ತೋರಿಸಬೇಕು, ಬರೀ ಬಾಳೆಹಣ್ಣಲ್ಲ. ನಾನು ಇಷ್ಟು ಹೇಳಿದ್ದೇ ತಡ, ಮರುದಿನ ಬೆಳಿಗ್ಗೆಗೆ ಅದನ್ನು ಎರಡು ಸಾವಿರಕ್ಕೆ ಇಳಿಸಿದ್ದಳು. ಆಕಾರ ಕೆಟ್ಟಿರಲಿಲ್ಲ. ಮೇಲಿನ ಬಣ್ಣ ಬಳಿಯಲು ಮಾಡೆಲ್‌ನ ಮೈಯನ್ನು ಬಿಡಿಸಿ ಚಪ್ಪಟೆಯಾಗಿ ಹಾಸಬೇಕಾಗುತ್ತದೆ, ‘ಯುವಿ ಅನ್‌ವ್ರ್ಯಾಪ್’ ಅಂತಾರೆ. ಅದು ಹೇಗೆಂದು ಅವರವ್ವನಿಗೆ ನಿಜವಾದ ಹಣ್ಣಿನ ಸಿಪ್ಪೆ ಸುಲಿದು ತಾಟಿನಲ್ಲಿ ಹರಡಿ ತೋರಿಸಿದಳು. ನನ್ನ ಆಫೀಸಿನಲ್ಲಿ ಇಷ್ಟು ಸಲೀಸಾಗಿ ವಿವರಿಸುವವರು ಕಡಿಮೆ.

ಎರಡನೇ ಕೆಲಸ ನೋಡಿ ನಾನು ಸುಮ್ಮನಾದೆ. ಕಲಬುರಗಿ ಕೋಟೆಯ ಜಾಮಿ ಮಸೀದಿ. 1367ರಲ್ಲಿ ಕಟ್ಟಿದ್ದು, ಬಯಲು ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹೊದ್ದ ಕಟ್ಟಡ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು. ಇವಳು ಎಲ್ಲವನ್ನೂ ಬೇರೆ ಬೇರೆ ಮಾಡಿರಲಿಲ್ಲ. ಒಂದು ಕಂಬ, ಮೂರು ಬಗೆಯ ಕಮಾನು, ಒಂದು ಗುಮ್ಮಟ, ಇಷ್ಟೇ ಮಾಡಿ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದ್ದಳು. ದೊಡ್ಡ ಆಟಗಳ ಊರು-ಕೋಟೆಗಳನ್ನು ಮಾಡುವ ಕ್ರಮವೂ ಇದೇ. “ಕಟ್ಟಿದವ್ರು ಹಂಗೇ ಕಟ್ಟ್ಯಾರಲ್ಲ ಅಣ್ಣಾ, ನಾ ನೋಡಿ ಮಾಡೀನಿ ಅಷ್ಟೇ” ಅಂದಳು. ಪುಣೆಯ ಸ್ಟುಡಿಯೋ 2020ರಲ್ಲಿ ತಂದ ‘ರಾಜಿ’ ಆಟದಲ್ಲಿ ರಾಜಸ್ಥಾನದ ಕೋಟೆಗಳ ನೆರಳಿದೆ. ನಮ್ಮ ಬಹಮನಿ ಕಮಾನುಗಳ ನಡುವೆ ಓಡಾಡುವ ಆಟ ಬಂದರೆ ದುಡ್ಡು ಕೊಟ್ಟು ಆಡುವವರಲ್ಲಿ ನಾನೂ ಒಬ್ಬ.

ಕಾಕಾನಿಗೆ ಎರಡೂ ಕಡೆ ಹೇಳಿದೆ. ಬೆಂಗಳೂರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಗಿದ್ದು 1997ರಲ್ಲಿ. ಹೊರದೇಶದ ಆಟಗಳಿಗೆ ಇಲ್ಲಿಂದ ಚಿತ್ರ ಮಾಡಿಕೊಟ್ಟ ಕಂಪನಿ, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ಅಂದರೆ ಈ ಕೆಲಸ ನಿನ್ನೆ ಮೊನ್ನೆಯದಲ್ಲ. ಹಾಗೇ 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಮುಳುಗಿದಾಗ ಬೆಂಗಳೂರಿನ ಆ್ಯನಿಮೇಷನ್, ವಿಎಫ್‌ಎಕ್ಸ್ ಮಂದಿ ದಿಢೀರನೆ ಕೆಲಸ ಕಳೆದುಕೊಂಡದ್ದನ್ನೂ ಹೇಳಿದೆ. ಎಐ ಚಿತ್ರ ಬಿಡಿಸುತ್ತದೆ ಅನ್ನೋದನ್ನೂ ಮುಚ್ಚಿಡಲಿಲ್ಲ. ಅದು ನನ್ನ ಕೋಡನ್ನೂ ಬರೆಯುತ್ತದೆ, ಇಂಜಿನಿಯರ್ ಆದರೆ ಪಾರು ಅಂತೇನಿಲ್ಲ.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಚಿತ್ರಾ ತಗದು ಉಂಡವ್ರನ್ನ ನಮ್ಮ ಕಡಿ ನಾ ಯಾರನ್ನೂ ನೋಡಿಲ್ಲ” ಅಂದರು.

“ಎಸ್.ಎಂ. ಪಂಡಿತ್ ರಂಗಮಂದಿರಕ್ಕ ಹೋಗಿರಲ್ಲ?”

“ಹೂಂ. ಲಗ್ನದ್ದೋ ಸನ್ಮಾನದ್ದೋ ಇದ್ದಾಗ.”

“ಆ ಪಂಡಿತ್ ಯಾರ್ ಅನ್ಕೊಂಡೀರಿ?”

ಯಾರೋ ಪುಢಾರಿ ಅಂದುಕೊಂಡಿದ್ದರಂತೆ! 1916ರಲ್ಲಿ ಕಲಬುರಗಿಯಲ್ಲೇ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಗೊತ್ತಾದ ಕಲಾವಿದ. ಕ್ಯಾಲೆಂಡರ್ ಕಲೆ ಅಂತ ಮೂಗು ಮುರಿದವರು ಇದ್ದೇ ಇದ್ದರು. ಆದರೆ ಎಷ್ಟೋ ಮನೆಗಳಲ್ಲಿ ಮೊಳೆಗೆ ತೂಗುಬಿದ್ದದ್ದು ಆ ಚಿತ್ರಗಳೇ. ಇವತ್ತು ಗೇಮ್ ಆರ್ಟ್ ಬಗ್ಗೆ ಕೇಳಿಬರೋದೂ ಅದೇ ಮಾತು, ‘ಇದೇನು ಕಲೇನಾ, ಧಂದೇನಾ?’ ಎರಡೂ ಆಗಬಾರದು ಅಂತ ಯಾರು ಹೇಳಿದ್ದು?

ಸಾಲ ಬೇಡ ಅಂದೆ. ಕಲಬುರಗಿಯಲ್ಲೇ ಎಂ.ಎಂ.ಕೆ. ದೃಶ್ಯಕಲಾ ಕಾಲೇಜಿದೆ, ಐಡಿಯಲ್ ಫೈನ್ ಆರ್ಟ್ ಇದೆ. ಅಲ್ಲಿ ಬಿ.ವಿ.ಎ. ಮಾಡಲಿ. ರೇಖೆ, ಬಣ್ಣ, ಮೈಕಟ್ಟಿನ ಅಳತೆ ಕೈಗೆ ಹತ್ತಲಿ. ಸಾಫ್ಟ್‌ವೇರ್ ಬದಲಾದರೂ ಇವು ಬದಲಾಗಲ್ಲ. ತ್ರೀಡಿ ರಾತ್ರಿ ಕಲಿಯಲಿ, ಗ್ರಾಫಿಕ್ಸ್ ಕಾರ್ಡಿನ ಖರ್ಚು ನನ್ನದು. ಕಾಕಿಗೆ ಸಮಾಧಾನವಾಯಿತು, ಮಗಳು ಸಂಜೆಗೆ ಮನೆಗೆ ಬರುತ್ತಾಳೆ ಅಂತ. ಹುಡುಗಿಗೆ ಆಗಲಿಲ್ಲ. ಅವಳಿಗೆ ಬೆಂಗಳೂರು ಬೇಕಿತ್ತು, ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೂರನೇ ದಿನ ಒಂದೇ ಸಾಲಿನ ಮೆಸೇಜು: ‘ಕಾರ್ಡ್ ಯಾವಾಗ ಬರ್ತದ?’

ಕಾಕಾ ಮಾತ್ರ ಶರತ್ತು ಹಾಕಿದ್ದಾರೆ. ಓದು ಮುಗಿದ ಮೇಲೆ ಒಂದು ವರ್ಷ ನೋಡೋದು, ಕೆಲಸ ಆಗದಿದ್ದರೆ ಡ್ರಾಯಿಂಗ್ ಟೀಚರ್ ನೌಕರಿಗೆ ಅರ್ಜಿ ಹಾಕೋದು. ಅವಳು ಒಪ್ಪಿದ್ದಾಳೆ, ಬರೆದುಕೊಡು ಅಂದರೂ ಕೊಡುತ್ತಿದ್ದಳು.

ಈಗ ಮೊದಲ ಸೆಮಿಸ್ಟರ್. ಮೊನ್ನೆ ಆ ಬಾಳೆ ಚಿಪ್ಪಿಗೆ ಹೊಸದಾಗಿ ಬಣ್ಣ ಹಚ್ಚಿ ನನಗೆ ಕಳಿಸಿದ್ದಳು. ನಾನು ಬೆಳಕು, ನೆರಳು, ಫೈಲ್ ಸೈಜು ಅಂತ ಉದ್ದಕ್ಕೆ ಬರೆದೆ. ಕಾಕಾ ಕನ್ನಡಕ ಏರಿಸಿ ಸ್ಕ್ರೀನ್ ನೋಡಿ ಅಂದದ್ದು ಇಷ್ಟೇ: “ಇದು ಇನ್ನಾ ಕಾಯಿ ಅದ. ಹಣ್ಣಾದ್ರ ಇಷ್ಟ್ ಕಪ್ ಇರಂಗಿಲ್ಲ, ಒಳಗಿಂದ ಥೋಡೆ ಹಳದಿ ಹೊಡೀತದ.” ಅವಳು ಮತ್ತೆ ಬಣ್ಣ ಕಲಸುತ್ತಿದ್ದಾಳೆ.