ಸಂಕದ ಮೇಲಿನ ಪಾಚಿ

ನಮ್ಮ ದೊಡ್ಡಪ್ಪನ ಮೇಲೆ ಕತ್ತಿ ಬೀಸಿದ್ದು ಸುಗ್ಗಿ ಬೆಳೆಯ ನೀರಿನ ತಕರಾರಿಗೆ. ಬೈಂದೂರಿನಿಂದ ಒಳಗೆ, ಘಟ್ಟದ ಬುಡದ ಊರು. 1980ರ ದಶಕ. ಆಗ ಉಡುಪಿ ಜಿಲ್ಲೆಯೇ ಆಗಿರಲಿಲ್ಲ. ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಾತಂತೂ ದೂರ. ಸ್ಟೇಷನ್ನು, ಕೋರ್ಟು ಅಂದರೆ ಊರವರಿಗೆ ಜೀವ ಹಾರುತ್ತಿತ್ತು.

ತೋಡಿಗೆ ಕಟ್ಟ ಹಾಕಿ ಸರದಿ ಮೇಲೆ ಗದ್ದೆಗೆ ನೀರು ಬಿಡುವ ಪದ್ಧತಿ. ರಾತ್ರಿಯ ಸರದಿ ನಮ್ಮದು. ದೊಡ್ಡಪ್ಪ ತಲೆಗೆ ಹಾಳೆ ಟೊಪ್ಪಿ ಇಟ್ಟು, ಕೈಯಲ್ಲಿ ಲಾಟೀನು ಹಿಡಿದು ಸಂಕ ದಾಟುತ್ತಿದ್ದರು. ತೆಂಗಿನ ಮರದ ಒಂಟಿ ಸಂಕ. ಕಟ್ಟದ ನೀರು ತಾಗಿ ತಾಗಿ ಪಾಚಿ ಹಿಡಿದಿತ್ತು. ಆಚೆ ದಡದ ಕತ್ತಲಲ್ಲಿ ಪಕ್ಕದ ಗದ್ದೆಯವ ಕಾದು ನಿಂತಿದ್ದ. ಅವ ಕುತ್ತಿಗೆಗೇ ಬೀಸಿದ. ಅದೇ ಹೊತ್ತಿಗೆ ದೊಡ್ಡಪ್ಪನ ಕಾಲು ಜಾರಿತು. ಕತ್ತಿ ಟೊಪ್ಪಿಯ ಅಂಚು ಸೀಳಿಕೊಂಡು ಹೋಯಿತು, ದೊಡ್ಡಪ್ಪ ತೋಡಿಗೆ ಬಿದ್ದರು. ಮೈಮೇಲೆ ಒಂದು ಗೀರೂ ಇಲ್ಲ.

ಮರುದಿನ ಊರ ಹತ್ತು ಜನ ಸೇರಿದರು. "ಎಂತದೂ ಆಯ್ಲಿಲ್ಲ ಅಲ್ದಾ, ಇನ್ನು ಕೋರ್ಟು ಎಂತಕೆ ಮಾರಾಯ್ರೆ" ಅಂದರು. ಅವ ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ ಕೈಮುಗಿದ. ಅಷ್ಟಕ್ಕೇ ಮುಗಿಯಿತು. ದೊಡ್ಡಮ್ಮ ಮಾತ್ರ ಜಗಲಿಯ ಕಂಬ ಹಿಡಿದು ನಿಂತವರು, "ಕಾಲ್ ಜಾರದಿದ್ರೆ ಎಂತ ಹೇಳ್ತಿದ್ರಿ?" ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಕುಂದಾಪುರದ ವಕೀಲರೊಬ್ಬರ ಬಳಿ ಬಹಳ ವರ್ಷಗಳ ಮೇಲೆ ಇದನ್ನೇ ಕೇಳಿದೆ. ಅವರು ವಿವರಿಸಿದರು: ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ ಕೊಲೆಯಾದರೆ ಕಲಂ 302, ಮರಣದಂಡನೆ ಅಥವಾ ಜೀವಾವಧಿ. ಕೊಲೆಯತ್ನಕ್ಕೆ 307, ಹತ್ತು ವರ್ಷದವರೆಗೆ ಜೈಲು. ಗಾಯವಾಗಿದ್ದರೆ ಜೀವಾವಧಿಯವರೆಗೂ ಹೋಗಬಹುದು. ಪ್ರತ್ಯೇಕ ಕಲಂ ಇಲ್ಲದ ಯತ್ನಗಳಿಗೆ 511, ಅಪರಾಧದ ಗರಿಷ್ಠ ಶಿಕ್ಷಾವಧಿಯ ಅರ್ಧದವರೆಗೆ. ಒಡವೆ ಕದಿಯಲು ಪೆಟ್ಟಿಗೆ ಒಡೆದವನಿಗೆ ಪೆಟ್ಟಿಗೆ ಖಾಲಿ ಸಿಕ್ಕಿದರೂ ಅವ ತಪ್ಪಿತಸ್ಥನೇ ಎಂದು ಆ ಕಲಮಿನ ಉದಾಹರಣೆಯೇ ಹೇಳುತ್ತದೆ. 1860ರ ಈ ಲೆಕ್ಕವನ್ನು 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡಿದೆ. 307 ಹೋಗಿ 109 ಆಯಿತು, 511 ಹೋಗಿ 62.

ಖಾಲಿ ಪೆಟ್ಟಿಗೆಯ ಮಾತು ನನಗೆ ಸರಿಕಂಡಿತು. ಆದರೆ ಗಾಯ ಆಯಿತೋ ಇಲ್ಲವೋ ಎಂಬುದರ ಮೇಲೆ ಹತ್ತು ವರ್ಷವೋ ಜೀವಾವಧಿಯೋ ಎಂದು ತೂಗುವುದನ್ನು ನಾನು ಇಂದಿಗೂ ಒಪ್ಪಲಾರೆ. ಬೀಸಿದವನ ಮನಸ್ಸಿನಲ್ಲಿ ಕರುಣೆ ಇರಲಿಲ್ಲ. ದೊಡ್ಡಪ್ಪನನ್ನು ಉಳಿಸಿದ್ದು ಪಾಚಿ. ಪಾಚಿ ಮಾಡಿದ ಉಪಕಾರವನ್ನು ಅವನ ಖಾತೆಗೆ ಯಾಕೆ ಜಮಾ ಮಾಡಬೇಕು?

ಇದನ್ನು ಒಂದು ಮಳೆಗಾಲದ ರಾತ್ರಿ, ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದ ದೊಡ್ಡಪ್ಪನಿಗೇ ಹೇಳಿದೆ. ಅವರು ಬೀಜವೊಂದನ್ನು ಕಡ್ಡಿಯಿಂದ ಹೊರಗೆಳೆದು, ಸಿಪ್ಪೆ ಸುಲಿದು, ನನ್ನ ಕೈಗಿಟ್ಟರು. "ನಾ ತೋಡಂಗೆ ಬಿದ್ದಿದ್ದೆ ಮಗಾ. ಲಾಟೀನು ಆರಿತ್ತು. ಇನ್ನೊಂದ್ ಪೆಟ್ಟು ಹಾಕುಕೆ ಅವಂಗೆ ಯಾರೂ ಅಡ್ಡ ಇರ್ಲಿಲ್ಲ. ಹಾಕ್ಲಿಲ್ಲ. ಕತ್ತಿ ಬಿಸಾಡಿ ಓಡ್ದ."

ಆ ಎರಡನೇ ಪೆಟ್ಟಿನ ವಿಷಯ ಪಂಚಾಯ್ತಿಯಲ್ಲಿ ಯಾರೂ ಎತ್ತಿರಲಿಲ್ಲ. ಮೊದಲ ಬೀಸಿಗೆ ಕೊಲೆಗಿರುವಷ್ಟೇ ಶಿಕ್ಷೆ ಕಾದಿದ್ದರೆ ಅವನಿಗೆ ಕೈ ಹಿಂದೆಗೆಯುವುದರಿಂದ ಬರುವ ಲಾಭವೇನೂ ಇರುತ್ತಿರಲಿಲ್ಲ, ಮುಗಿಸಿಯೇ ಹೋಗುತ್ತಿದ್ದನೋ ಏನೋ. ಹಾಗಾಗಿ ರಿಯಾಯಿತಿ ಇರಲಿ, ಆದರೆ ತಾನಾಗಿ ತಡೆದ ಕೈಗೆ ಇರಲಿ. ನ್ಯಾಯಾಧೀಶರ ಮುಂದೆ ಗಾಯದ ಸರ್ಟಿಫಿಕೇಟಿಗಿಂತ ಮೊದಲು ಬರಬೇಕಾದ ಪ್ರಶ್ನೆ ಇದು: ಅವನನ್ನು ತಡೆದದ್ದು ಯಾವುದು?

ದೊಡ್ಡಮ್ಮ ಇದನ್ನೂ ಒಪ್ಪಲಿಲ್ಲ. "ನಿಮ್ಗೆಲ್ಲ ಅವ ಹಾಕದ ಪೆಟ್ಟೇ ಕಾಣ್ತ್" ಅಂದರು. ಕತ್ತಿ ಬೀಸಿದ ಆ ರಾತ್ರಿಯ ನಂತರ ಅವರು ಗಂಡನನ್ನು ಒಬ್ಬರನ್ನೇ ನೀರು ಬಿಡಲು ಕಳಿಸಿದ್ದಿಲ್ಲ. ಮಾರನೇ ವರ್ಷದಿಂದ ಆ ಗದ್ದೆಯಲ್ಲಿ ಸುಗ್ಗಿ ಬೆಳೆ ಇಡುವುದನ್ನೇ ನಿಲ್ಲಿಸಿದರು.