ನಿಯಂತ್ರಕಕ್ಕೆ ತಕ್ಕ ಕೇಬಲ್ಲು

ಡ್ರೋನನ್ನು ಆಗಸಕ್ಕೇರಿಸುವವನ ಗಮನವೆಲ್ಲ ರೆಕ್ಕೆಗಳ ಮೇಲಿರುತ್ತದೆ. ಕೈಯಲ್ಲಿನ ನಿಯಂತ್ರಕಕ್ಕೆ ವಿದ್ಯುತ್ತು ಉಣಿಸುವ ಕೇಬಲ್ಲನ್ನು ಕೇಳುವವರಿಲ್ಲ. ತುದಿ ಹೊಂದಿದರಾಯಿತೆಂದು ಸಿಕ್ಕಿದುದನ್ನೇ ಸಿಕ್ಕಿಸುವುದು ವಾಡಿಕೆ. ಆದರೆ ಯುಎಸ್‌ಬಿ-ಸಿ ಕೇಬಲ್ಲುಗಳು ರೂಪದಲ್ಲಿ ಒಂದೇ ಆದರೂ ಗುಣದಲ್ಲಿ ಒಂದೇ ಅಲ್ಲ.

ಒಂದು ತುದಿ ಹಳೆಯ ಅಗಲವಾದ ‘ಎ’ ಮಾದರಿಯದಾದರೆ, ಆ ಕೇಬಲ್ಲಿನೊಳಗೆ 56 ಕಿಲೋ ಓಮ್‌ನ ರೋಧಕವಿರಬೇಕೆಂಬುದು ನಿಯಮ. ಎಷ್ಟು ವಿದ್ಯುತ್ತನ್ನು ಎಳೆಯಬಹುದೆಂದು ಉಪಕರಣಕ್ಕೆ ತಿಳಿಸುವುದು ಅದೇ. ಅಲ್ಲಿ 10 ಕಿಲೋ ಓಮ್‌ನದಿದ್ದರೆ, ಉಪಕರಣವು 3 ಆಂಪಿಯರ್ ಲಭ್ಯವೆಂದು ನಂಬಿ, ಅಷ್ಟು ಕೊಡಲಾರದ ಚಾರ್ಜರಿನ ಮೇಲೆ ಭಾರ ಹೇರಬಹುದು. ಗೂಗಲ್ ಸಂಸ್ಥೆಯ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಅವರು 2015ರಲ್ಲಿ ಇಂಥ ಕೇಬಲ್ಲುಗಳನ್ನು ಕೊಂಡು ಕೊಂಡು ಪರೀಕ್ಷಿಸತೊಡಗಿದರು. 2016ರಲ್ಲಿ, ಒಳಗಿನ ತಂತಿಗಳೇ ಅದಲುಬದಲಾಗಿದ್ದ ಕೇಬಲ್ಲೊಂದು ಅವರ ಲ್ಯಾಪ್‌ಟಾಪನ್ನೇ ಬಲಿ ತೆಗೆದುಕೊಂಡಿತು.

ಬೆಲೆ ಹೆಚ್ಚಿನದು ಒಳ್ಳೆಯದೆಂಬ ನಂಬಿಕೆಯೂ ಇಲ್ಲಿ ಕೈಕೊಡುವುದುಂಟು. ಉಪಕರಣದಲ್ಲಿ 5.1 ಕಿಲೋ ಓಮ್‌ನ ರೋಧಕಗಳಿಲ್ಲದಿದ್ದರೆ, ಎರಡೂ ತುದಿ ‘ಸಿ’ ಆಗಿರುವ ಉತ್ತಮ ಕೇಬಲ್ಲಿನಲ್ಲಿಯೂ ವಿದ್ಯುತ್ತು ಹರಿಯದು. ಹಾನಿಯೇನೂ ಇಲ್ಲ, ಆದರೂ ನಿಯಂತ್ರಕ ಕೆಟ್ಟಿತೆಂದು ದುರಸ್ತಿಗೆ ಒಯ್ಯುವವರಿರುತ್ತಾರೆ, ಪಾಪ! ಪೆಟ್ಟಿಗೆಯೊಡನೆ ಬಂದ ಕೇಬಲ್ಲು, ಕೈಪಿಡಿ ಹೇಳಿದ ಚಾರ್ಜರು, ಇವೆರಡಿದ್ದರೆ ಸಾಕು. ಬಲ್ಲವರು ಆ ಕೇಬಲ್ಲಿಗೆ ಕೆಂಪು ದಾರ ಕಟ್ಟಿ ಡ್ರೋನಿನ ಚೀಲದಲ್ಲಿಯೇ ಇಟ್ಟಿರುತ್ತಾರೆ.